ಕಟಿಂಗ್ ಮೇಜಿನ ಮೇಲಿನ ಕಂಪ್ಯೂಟರುಗಳು

ಬಟ್ಟೆ ಕತ್ತರಿಸಲೆಂದು ಮಾಡಿಸಿದ ಉದ್ದನೆಯ ಮೇಜೊಂದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿದೆ. ಅದು ನನ್ನದು, ನನ್ನ ಸ್ವಂತ ದುಡಿಮೆಯಲ್ಲಿ ಮಾಡಿಸಿದ್ದು. ಅದರ ಮೇಲೆ ಕೊನೆಯ ಸಲ ನೆಮ್ಮದಿಯಾಗಿ ಬಟ್ಟೆ ಹಾಸಿದ್ದು ಯಾವಾಗ ಎಂದು ಕೇಳಿದರೆ ನನಗೆ ನೆನಪಾಗುವುದಿಲ್ಲ. ಈಗ ಅಲ್ಲಿ ಕಂಪ್ಯೂಟರುಗಳು ಒಂದರ ಮೇಲೊಂದು ಮಲಗಿವೆ. ಮೇಜಿನ ಕೆಳಗೆ ಅವುಗಳ ತಂತಿಗಳು, ಕುರ್ಚಿಯ ಮೇಲೆ ಕೀಬೋರ್ಡುಗಳು, ಕಿಟಕಿಯ ಹಲಗೆಯ ಮೇಲೆ ಬಿಚ್ಚಿಟ್ಟ ತಿರುಪುಗಳು. ನಾನು ಅಡುಗೆಮನೆಯ ನೆಲದಲ್ಲಿ ಬಟ್ಟೆ ಹಾಸಿ, ಮಂಡಿಯೂರಿ ಕತ್ತರಿಸುತ್ತೇನೆ.

ಅವುಗಳ ಯಜಮಾನರು ನನ್ನ ಗಂಡ. ದೊಡ್ಡ ಆಸ್ಪತ್ರೆಯೊಂದರ ಉಗ್ರಾಣ ನೋಡಿಕೊಳ್ಳುತ್ತಾರೆ. ಹೊದಿಕೆಯಿಂದ ಹಿಡಿದು ಗೋಡೆ ಗಡಿಯಾರದ ಸೆಲ್ಲಿನವರೆಗೆ ಏನು ಒಳಗೆ ಬಂದರೂ ಏನು ಹೊರಗೆ ಹೋದರೂ ಇವರ ಸಹಿ ಬೀಳಬೇಕು. ಮನೆಯಲ್ಲಿ ಮಾತ್ರ ಒಳಗೆ ಬರುವುದಷ್ಟೇ, ಹೊರಗೆ ಹೋಗುವ ಪದ್ಧತಿ ಇಲ್ಲ. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುತ್ತಾರೆ. ಮುರಿದ ಕೊಡೆಯ ಕಡ್ಡಿಗಳನ್ನು ಎಂದಾದರೂ ಬೇಕಾದೀತೆಂದು ಕಟ್ಟಿಡುತ್ತಾರೆ. ಮದುವೆಯಾದ ಹೊಸತರಲ್ಲಿ ಇದೆಲ್ಲ ಅಚ್ಚುಕಟ್ಟುತನ ಎಂದುಕೊಂಡು ನಾನು ಹಿಗ್ಗಿದ್ದೆ. ನನ್ನ ಬುದ್ಧಿಗಿಷ್ಟು.

ಕಂಪ್ಯೂಟರಿನ ಹುಚ್ಚು ಹತ್ತಿದ್ದು ಆಸ್ಪತ್ರೆಯಲ್ಲೇ. ಒಂದು ಬೆಳಿಗ್ಗೆ ಅಲ್ಲಿನ ಎಲ್ಲ ಪರದೆಗಳ ಮೇಲೂ ಒಂದೇ ಮಾತು ಮೂಡಿತಂತೆ: ಈ ಕಂಪ್ಯೂಟರು ಹೊಸ ಆವೃತ್ತಿಗೆ ಅರ್ಹವಲ್ಲ. ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ಮುಂದೆ ರಕ್ಷಣೆಯ ಅಪ್‌ಡೇಟ್ ಕೊಡುವುದಿಲ್ಲ ಎಂದು ಅದನ್ನು ಮಾಡಿದ ಕಂಪನಿ ಕೈತೊಳೆದುಕೊಂಡಿತ್ತು. ಹೊಸದನ್ನು ಹಾಕೋಣವೆಂದರೆ ಒಳಗೆ ಹೊಸ ಕಾಲದ ಚಿಪ್ ಇರಬೇಕು. ರೋಗಿಗಳ ವಿವರ ಇರುವ ಯಂತ್ರಗಳನ್ನು ರಕ್ಷಣೆಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಆಡಳಿತದವರು ಎಲ್ಲವನ್ನೂ ಗುಜರಿಗೆ ಹಾಕಲು ಹೇಳಿದರು. ಹಿಂದಿನ ಸಂಜೆಯವರೆಗೆ ಒಂದು ದೂರೂ ಇಲ್ಲದೆ ದುಡಿದವು ಬೆಳಗಾಗುವಷ್ಟರಲ್ಲಿ ಕಸವಾದವು.

ಸಾಮಾನು ಒಪ್ಪಿಸಿ ಬರಲು ಇವರೇ ಲಾರಿಯ ಜೊತೆ ಹೋಗಿದ್ದರು. ಮನೆಗೆ ಬಂದವರು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. ಅಲ್ಲಿ ಹೆಂಗಸರು ಬರಿಗೈಯಲ್ಲಿ ಪರದೆಗಳನ್ನು ಒಡೆಯುತ್ತಿದ್ದರಂತೆ. ತಾಮ್ರಕ್ಕಾಗಿ ತಂತಿಗಳನ್ನು ರಾಶಿ ಹಾಕಿ ಸುಡುತ್ತಿದ್ದರಂತೆ. ಆ ಕಪ್ಪು ಹೊಗೆಯಲ್ಲೇ ಒಬ್ಬಳು ಮಗುವಿಗೆ ಹಾಲು ಕುಡಿಸುತ್ತಿದ್ದಳಂತೆ. ಇವರು ಸಹಿ ಹಾಕಿ ಬಂದಿದ್ದರು. ಅಷ್ಟು ಹೇಳಿ, ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದರು. ಆ ಹೊತ್ತಿಗೆ ನಾನು ಎರಡು ಒಳ್ಳೆಯ ಮಾತಾಡಿದ್ದೇ ತಪ್ಪಾಯಿತು. ಇವರು ಅದನ್ನು ಅನುಮತಿ ಎಂದುಕೊಂಡರು.

ಎರಡನೆಯ ಲಾರಿ ಹೊರಡುವ ಮೊದಲೇ ಮೇಲಿನವರನ್ನು ಕೇಳಿ, ಒಳಗಿದ್ದ ವಿವರಗಳನ್ನೆಲ್ಲ ಅಳಿಸಿ, ಉಳಿದ ಲ್ಯಾಪ್‌ಟಾಪುಗಳನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ತಂದರು. ಒಂದೊಂದಕ್ಕೂ ಲಿನಕ್ಸ್ ಹಾಕತೊಡಗಿದರು. ಅದೂ ಒಂದು ಆಪರೇಟಿಂಗ್ ಸಿಸ್ಟಮ್, ಆದರೆ ಯಾರೂ ಮಾರುವುದಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಯಂತ್ರ ಹಳತಾಯಿತೆಂದು ಮೂಗು ಮುರಿಯುವುದಿಲ್ಲ. ಅದರ ಗುರುತು ಒಂದು ಪೆಂಗ್ವಿನ್ ಹಕ್ಕಿ. ಅದರ ಚಿತ್ರವನ್ನು ಪ್ರತಿ ಯಂತ್ರಕ್ಕೂ ಅಂಟಿಸಿ ಬೇಕೆಂದವರಿಗೆ ಕೊಡುತ್ತ ಬಂದರು. ಬೀದಿಯ ಮಕ್ಕಳ ಬಾಯಲ್ಲಿ ನನ್ನ ಗಂಡ ಪೆಂಗ್ವಿನ್ ಮಾಮ ಆದರು. ನಾನು ತರಕಾರಿಗೆ ಹೋದರೆ ಪೆಂಗ್ವಿನ್ ಮಾಮಿ. ಯಾರ ಹತ್ತಿರ ಹೇಳಿಕೊಳ್ಳಲಿ?

ಕೊಟ್ಟು ಮುಗಿಯಿತೇ ಎಂದರೆ ಇಲ್ಲ. ಕೊಟ್ಟ ಮೇಲೆ ಶುರು. ಇಸ್ತ್ರಿಯವನ ಮಗಳ ಪ್ರಿಂಟರ್ ಮುದ್ರಿಸದು. ಕ್ಷೌರದವನ ಅತ್ತೆಗೆ ನಿನ್ನೆ ಪರದೆಯ ಎಡಗಡೆ ಇದ್ದದ್ದು ಇವತ್ತು ಕಾಣದು. ಎದುರುಮನೆ ವಿಮೆಯವರಿಗೆ ಹಳೆಯದರಲ್ಲಿದ್ದ ಗುಂಡಿಯೇ ಬೇಕು, ಅದೇ ಜಾಗದಲ್ಲಿ, ಅದೇ ಬಣ್ಣದಲ್ಲಿ. ಎಲ್ಲರೂ ನಮ್ಮ ಮನೆಯ ಗಂಟೆ ಒತ್ತುತ್ತಾರೆ. ಇವರು ಆಸ್ಪತ್ರೆಗೆ ಹೋಗಿರುವಾಗ ನಾನೇ ಬಾಗಿಲು ತೆಗೆದು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಆರಿಸಿ ಮತ್ತೆ ಹಚ್ಚಿ ಎಂದು ಹೇಳಿ ಕಳಿಸುತ್ತೇನೆ. ಕೆಲವೊಮ್ಮೆ ಅದರಿಂದಲೇ ಸರಿಹೋಗುತ್ತದೆ. ನನಗೆ ಅದಕ್ಕೂ ಸಿಟ್ಟು.

ಒಮ್ಮೆ ತಲೆ ಕೆಟ್ಟು ನೇರವಾಗಿ ಕೇಳಿದೆ, ಕಂಪನಿಯವರೇ ಆಗದು ಎಂದ ಮೇಲೆ ನಿಮ್ಮದೇನು ಹಟ ಎಂದು. ಇವರು ತಿರುಪು ಬಿಗಿಯುತ್ತಲೇ ಹೇಳಿದರು:

"ನಿನ್ನ ಹತ್ರ ಬರೋರಿಗೆ ನೀನು ಯಾವತ್ತಾದ್ರೂ, ನಿಮ್ಮ ಮೈ ಈ ಕೋಟಿಗೆ ಅರ್ಹವಲ್ಲ ಅಂತ ಹೇಳಿದ್ದೀಯಾ?"

ನನಗೆ ಉರಿದುಹೋಯಿತು. ನನ್ನ ಕೆಲಸವನ್ನು ತಂದು ಇವರ ಕಸದ ಪಕ್ಕದಲ್ಲಿಡುವುದೆಂದರೇನು? ಅಂಗಡಿಯ ಸಿದ್ಧ ಉಡುಪು ಹಿಡಿಸದವರು ನನ್ನ ಹತ್ತಿರ ಬರುತ್ತಾರೆ. ಒಂದು ಭುಜ ಇಳಿದವರು, ಬೆನ್ನು ಬಾಗಿದವರು, ಒಂದು ಕಾಲು ಗಿಡ್ಡವಿರುವವರು. ಅವರ ಅಳತೆಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆದು, ಕಾಗದದ ಮೇಲೆ ತೆಗೆದು, ಬಟ್ಟೆಗಿಟ್ಟು ಕತ್ತರಿಸುತ್ತೇನೆ. ಒಂದು ನಕ್ಷೆ ಮೈಗೆ ಒಗ್ಗಬೇಕಾದರೆ ವರ್ಷಗಳೇ ಹಿಡಿಯುತ್ತವೆ. ಆ ನಕ್ಷೆಗಳೇ ನನ್ನ ಆಸ್ತಿ.

ಹಾಗಾಗಿ ಈ ಮನೆಯಲ್ಲಿ ಒಂದೇ ಒಂದು ಕಟ್ಟಪ್ಪಣೆ ಹೊರಡಿಸಿದ್ದೆ: ನನ್ನ ಲ್ಯಾಪ್‌ಟಾಪನ್ನು ಇವರು ಮುಟ್ಟಕೂಡದು. ಅದಕ್ಕೂ ಹಿಂದೆ ನನ್ನಲ್ಲಿ ಹಳೆಯದೊಂದಿತ್ತು. ಅದಕ್ಕೂ ಇದೇ ಅರ್ಹವಲ್ಲ ಎಂಬ ಮಾತು ಬಂದಾಗ ಅಂಗಡಿಯವನ ಮಾತು ಕೇಳಿ ಹೊಸದು ಕೊಂಡಿದ್ದೆ. ಹಳೆಯದನ್ನು ಇವರ ಕೈಗಿತ್ತು, ಅಟ್ಟ ಸೇರಿಸಬೇಡಿ, ನೆಟ್ಟಗೆ ಗುಜರಿಗೆ ಹಾಕಿ ಬನ್ನಿ ಎಂದಿದ್ದೆ. ಆಯಿತು ಎಂದಿದ್ದರು. ಹೊಸದೋ, ಅದೇ ಕಂಪನಿಯದು, ಅದೇ ಕಪ್ಪು ಬಣ್ಣ. ಹೊರಗಿನಿಂದ ನೋಡಿದರೆ ಆಸ್ಪತ್ರೆಯವಕ್ಕೂ ನನ್ನದಕ್ಕೂ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಗುರುತಿಗೆಂದು ಅದರ ಮುಚ್ಚಳದ ಮೇಲೆ ನನ್ನ ಬಳಪದಲ್ಲಿ ದೊಡ್ಡದಾಗಿ ಗೀಟು ಹಾಕಿದ್ದೆ. ಬಟ್ಟೆ, ಪೆಟ್ಟಿಗೆ, ಡಬ್ಬಿ, ಏನಿದ್ದರೂ ನಾನು ಗುರುತು ಹಾಕುವುದು ಅದರಲ್ಲೇ. ಕೈಗೆ ಬಂದ ಅಭ್ಯಾಸ.

ಆ ವಾರ ನನ್ನ ಕೈಯಲ್ಲಿದ್ದದ್ದು ಲೈಬ್ರರಿ ಅಮ್ಮನ ಕೋಟು. ಊರಿನ ವಾಚನಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ನನ್ನ ಮೊದಲ ಗಿರಾಕಿ. ಬೆನ್ನು ಬಿಲ್ಲಿನಂತೆ ಬಾಗಿದೆ, ಬಲ ಭುಜ ಇಳಿದಿದೆ. ಪ್ರತಿ ಕೋಟು ತೊಟ್ಟ ಮೇಲೂ ಎಲ್ಲಿ ಹಿಡಿಯುತ್ತದೆ, ಎಲ್ಲಿ ಜೋಲುತ್ತದೆ ಎಂದು ಅವರು ಹೇಳುವರು, ನಾನು ನಕ್ಷೆಯಲ್ಲಿ ತಿದ್ದುವೆ. ಈಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಎದ್ದು ನಿಲ್ಲುವಂತಿಲ್ಲ, ಹೊರಳಿಸಿದರೂ ನೋವು. ಹೊಸದಾಗಿ ಅಳತೆ ತೆಗೆಯುವ ಮಾತೇ ಇಲ್ಲ. ಮೊಮ್ಮಗಳ ಮದುವೆಗೆ ಗಾಲಿಕುರ್ಚಿಯಲ್ಲಿ ಕೂತಾದರೂ ಹೋಗಬೇಕು, ಬೂದು ಬಣ್ಣದ ಹೊಸ ಕೋಟು ತೊಟ್ಟೇ ಹೋಗಬೇಕು ಎಂಬುದೊಂದೇ ಅವರ ಆಸೆ. ನಕ್ಷೆ ಇದೆಯಲ್ಲ, ಯೋಚಿಸಬೇಡಿ ಎಂದು ನಾನು ಮಾತು ಕೊಟ್ಟು ಬಂದಿದ್ದೆ.

ಕೋಟಿನ ಗುಂಡಿ ಹುಡುಕಿಕೊಂಡು ಪೇಟೆಗೆ ಹೋಗುವಾಗ ನನ್ನ ಲ್ಯಾಪ್‌ಟಾಪನ್ನು ಮೇಜಿನ ತುದಿಯಲ್ಲಿಟ್ಟು ಹೋದೆ. ಇವರಿಗೆ ಅಂದು ರಜೆ. ಇವರದೂ ಒಂದು ಅಭ್ಯಾಸ: ಯಾವ ಯಂತ್ರಕ್ಕೇ ಕೈ ಹಾಕಲಿ, ಮೊದಲು ಒದ್ದೆ ಬಟ್ಟೆಯಿಂದ ಮುಚ್ಚಳವನ್ನು ಫಳಫಳ ಒರೆಸುತ್ತಾರೆ. ರೇಡಿಯೋ ಹಾಡು ಕೇಳುತ್ತ, ಸಾಲಾಗಿ, ಒಂದೂ ಬಿಡದೆ ಎಲ್ಲವನ್ನೂ ಒರೆಸಿದ್ದಾರೆ. ನನ್ನ ಬಳಪ ಇರುವುದೇ ಒರೆಸಿದರೆ ಹೋಗಲಿಕ್ಕೆ. ಬಟ್ಟೆಯ ಮೇಲೆ ಕಲೆ ಉಳಿಯಬಾರದೆಂದೇ ಅದನ್ನು ಹಾಗೆ ಮಾಡಿರುತ್ತಾರೆ.

ನಾನು ಬರುವಷ್ಟರಲ್ಲಿ ನನ್ನ ಯಂತ್ರದ ಪರದೆಯ ಮೇಲೆ ಪೆಂಗ್ವಿನ್ ಕೂತಿತ್ತು.

ಸಿಟ್ಟು ಬರುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. ಪ್ರತಿ ಇದೆ, ಪೆನ್‌ಡ್ರೈವಿನಲ್ಲಿ ತೆಗೆದಿಟ್ಟಿದ್ದೇನೆ ಎಂದು ಧೈರ್ಯ ತಂದುಕೊಂಡು ಸೂಜಿ ಡಬ್ಬಿ ತೆರೆದೆ. ಪೆನ್‌ಡ್ರೈವ್ ಇರಲಿಲ್ಲ. ಅದು ಇವರ ಕೈಯಲ್ಲಿತ್ತು. ಹೊಸ ಸಿಸ್ಟಮ್ ಹಾಕಲು ಅಂಥದೊಂದು ಬೇಕು, ಹಾಗೆ ಸಿದ್ಧ ಮಾಡುವಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಇವರದು ಕೈಕೊಟ್ಟಿತ್ತಂತೆ, ಡಬ್ಬಿಯಲ್ಲಿ ಒಂದು ಸುಮ್ಮನೆ ಬಿದ್ದಿತ್ತಂತೆ. ಅಸಲನ್ನೂ ಪ್ರತಿಯನ್ನೂ ಒಂದೇ ಮಧ್ಯಾಹ್ನ ಒಬ್ಬನೇ ಮನುಷ್ಯ ಗುಡಿಸಿ ಹಾಕಿದ್ದ, ಅದೂ ಪ್ರಪಂಚದ ಕಸ ಕಡಿಮೆ ಮಾಡಲಿಕ್ಕೆ.

ಆಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಲ್ಯಾಪ್‌ಟಾಪನ್ನು ರಾಶಿಯೊಳಗೆ ತುರುಕಿ, ಇದೂ ನಿಮ್ಮ ಸಂಸಾರಕ್ಕೇ ಸೇರಲಿ ಎಂದೆ. ಇವರು ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟರು. ಒದ್ದೆ ಬಟ್ಟೆ ಇನ್ನೂ ಕೈಯಲ್ಲೇ ಇತ್ತು. ಏನೋ ಹೇಳಲು ಬಾಯಿ ತೆರೆಯುವರು, ನನ್ನ ಮುಖ ನೋಡಿ ಮುಚ್ಚುವರು. ನಾನು ಅಡುಗೆಮನೆಗೆ ಹೋಗಿ, ಬೂದು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ಹಾಸಿಗೆಯಲ್ಲಿ ಕಾಯುತ್ತಿರುವ ಆ ಮುದುಕಿಗೆ ಯಾವ ಮುಖ ಹೊತ್ತು ಹೇಳಲಿ? ಆ ಬೆನ್ನು ನನ್ನ ಕೈಗೆ ಗೊತ್ತಿತ್ತು, ನಿಜ. ಆದರೆ ಕೈ ನೆನಪಿನಲ್ಲಿ ಕತ್ತರಿಸಿದರೆ ಕೋಟು ಸುಳ್ಳು ಹೇಳುತ್ತದೆ.

ಗಲಾಟೆ ಕೇಳಿ ಅತ್ತೆ, ಅಂದರೆ ಇವರ ತಾಯಿ, ಒಳಕೋಣೆಯಿಂದ ಬಂದರು. ಮಧ್ಯಾಹ್ನವೆಲ್ಲ ಒಂದು ಲ್ಯಾಪ್‌ಟಾಪಿನ ಮುಂದೆ ಕೂತು ಇಸ್ಪೀಟು ಆಡುವುದು ಅವರ ದಿನಚರಿ. ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಆಸ್ಪತ್ರೆಯಿಂದ ಬಂದವುಗಳಲ್ಲಿ ಅದೂ ಒಂದು ಎಂದುಕೊಂಡು ನಾನೇ ಅದಕ್ಕೆ ಹೂವಿನ ಬಟ್ಟೆಯ ಗವಸು ಹೊಲಿದುಕೊಟ್ಟಿದ್ದೆ. ಅದನ್ನೇ ಎದೆಗವಚಿಕೊಂಡು ಬಂದು ಮಗನ ಮುಂದೆ ನಿಂತರು.

"ನೀನು ಹೇಳ್ತೀಯೋ, ನಾನೇ ಹೇಳ್ಲೋ?" ಎಂದರು. ನಾನು ಕಣ್ಣೊರೆಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದೆ. ಅತ್ತೆ ನನ್ನ ಕಡೆ ತಿರುಗಿದರು. "ಇದು ನಿಂದೇ ಕಣೆ. ನೀನು ಗುಜರಿಗೆ ಹಾಕು ಅಂದಿದ್ದು. ಮುಚ್ಚಳ ಬದಲಾಯಿಸಿ ನಂಗೆ ಕೊಟ್ಟ. ನಿಂಗೆ ಹೇಳ್ಬೇಡ ಅಂದಿದ್ದ."

ತಾಯಿ ಮಗ ಸೇರಿ ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದ್ದರು, ಅದಕ್ಕೆ ನಾನೇ ಗವಸನ್ನೂ ಹೊಲಿದಿದ್ದೆ. ಇವರು ನೆಲ ನೋಡುತ್ತ, ಅದರೊಳಗಿನ ನಿನ್ನ ಭಾಗವನ್ನು ಮುಟ್ಟಿಲ್ಲ, ಲಿನಕ್ಸನ್ನು ಪಕ್ಕದಲ್ಲಿ ಹಾಕಿದ್ದೇನೆ, ಅಮ್ಮನ ಇಸ್ಪೀಟಿಗೆ ಎಷ್ಟು ಜಾಗ ಬೇಕು ಎಂದು ಗೊಣಗಿದರು. ಇಂಟರ್ನೆಟ್ ಸಂಪರ್ಕ ಕಡಿದು ಹಚ್ಚಿದರೆ, ರಕ್ಷಣೆಯಿಲ್ಲದ ಹಳೆಯ ಸಿಸ್ಟಮನ್ನೂ ಹೆದರದೆ ತೆರೆಯಬಹುದಂತೆ. ಇವರೇ ಹಚ್ಚಿ ತೋರಿಸಿದರು. ನನ್ನ ಹಳೆಯ ಪರದೆ, ನನ್ನ ಹಳೆಯ ಪ್ರೋಗ್ರಾಂ, ಒಂದರ ಕೆಳಗೊಂದು ನನ್ನ ಜನ. ಹೊಸ ಯಂತ್ರ ಬಂದ ಮೇಲೆ ಬರೆದ ನಕ್ಷೆಗಳು ಹೋಗಿದ್ದವು, ಆ ಗಿರಾಕಿಗಳನ್ನೆಲ್ಲ ಮತ್ತೆ ಕರೆದು ಅಳತೆ ತೆಗೆಯುವ ಹೆಣಗಾಟ ಇನ್ನೂ ಮುಗಿದಿಲ್ಲ. ಆದರೆ ಮೊದಲ ಗಿರಾಕಿ ಎಲ್ಲರಿಗಿಂತ ಮೇಲಿದ್ದರು. ಆ ಬಾಗಿದ ಬೆನ್ನಿನ ಗೆರೆ ಕಂಡಾಗ ಮತ್ತೆ ಅಳು ಬಂತು. ಇವರಿಗೆ ಬೈಯಲು ಒಳ್ಳೆಯ ಕಾರಣವೊಂದು ಕೈತಪ್ಪಿದ್ದಕ್ಕೆ ಸಿಟ್ಟೂ ಬಂತು.

ಕೋಟು ಹೊಲಿದೆ. ಈಚೆಗೆ ಬೆನ್ನು ಇನ್ನಷ್ಟು ಬಾಗಿರಬಹುದೆಂದು ಅಂದಾಜಿನಲ್ಲಿ ಹಿಂಭಾಗ ಸ್ವಲ್ಪ ಬಿಟ್ಟೆ, ಕೂತೇ ಇರುವವರಲ್ಲವೇ ಎಂದು ಮುಂಭಾಗ ಚಿಕ್ಕದು ಮಾಡಿದೆ. ಮದುವೆಯ ಹಿಂದಿನ ದಿನ ಲೈಬ್ರರಿ ಅಮ್ಮನ ಮಗಳೂ ನಾನೂ ಸೇರಿ ಅವರನ್ನು ಮೆಲ್ಲಗೆ ಕೂರಿಸಿ ತೊಡಿಸಿದೆವು. ಕಾಲರು ಕತ್ತಿಗೆ ಅಂಟಿ ಕೂತಿತು. ಬೆನ್ನ ಮೇಲೆ ಒಂದು ಸುಕ್ಕಿಲ್ಲ. ಅವರು ತೋಳು ಸವರಿಕೊಳ್ಳುತ್ತ ಬಹಳ ಹೊತ್ತು ಕನ್ನಡಿ ನೋಡಿದರು.

"ಇವರೆಲ್ಲ ನಂಗೆ ಒಂದು ಶಾಲು ಹೊದಿಸಿಬಿಡೋಣ ಅಂತಿದ್ರು," ಎಂದರು. "ಇನ್ನು ಈ ಮೈಗೆ ಯಾವ ಬಟ್ಟೆನೂ ಕೂರಲ್ಲ ಅಂತ."

ಮಗಳು ತಲೆ ತಗ್ಗಿಸಿದಳು. ನನಗೆ ಆ ಮುದುಕಿಯನ್ನು ತಬ್ಬಿಕೊಳ್ಳಬೇಕೆನಿಸಿತು, ತಬ್ಬಿಕೊಂಡೆ. ಮನೆಗೆ ಮರಳುವ ದಾರಿಯುದ್ದಕ್ಕೂ, ಇವರು ತಿರುಪು ಬಿಗಿಯುತ್ತ ಕೇಳಿದ್ದ ಪ್ರಶ್ನೆ ಕಿವಿಯಲ್ಲಿ ಕೊರೆಯಿತು. ಅವತ್ತು ಉತ್ತರ ಕೊಟ್ಟಿರಲಿಲ್ಲ. ಈಗಲೂ ಬಾಯಿಬಿಟ್ಟು ಕೊಡುವ ಮನಸ್ಸಿರಲಿಲ್ಲ. ಇಷ್ಟೆಲ್ಲ ಮಾಡಿದ ಮನುಷ್ಯನ ಮಾತೇ ಸರಿಯಾಗಿಬಿಡುವುದೆಂದರೆ ಅದನ್ನು ಯಾವ ಹೆಂಡತಿ ಸಹಿಸಿಯಾಳು?

ಮನೆಗೆ ಬಂದರೆ ಇವರು ಮೇಜಿನ ಪಕ್ಕ ಸುಮ್ಮನೆ ಕೂತಿದ್ದರು. ಆ ದಿನದಿಂದ ಒಂದು ಯಂತ್ರವನ್ನೂ ಮುಟ್ಟಿರಲಿಲ್ಲ. ಕೋಟು ಹೇಗೆ ಕೂತಿತು ಎಂದು ಕೇಳಲೂ ಹೆದರಿಕೆ. ಚೆನ್ನಾಗಿ ಕೂತಿತು ಎಂದೆ. ಅತ್ತೆಗೆ ಅವರ ಲ್ಯಾಪ್‌ಟಾಪನ್ನು ಹಿಂತಿರುಗಿಸಬೇಕಿತ್ತು, ಇಸ್ಪೀಟಿಲ್ಲದೆ ಅವರು ಮನೆಯವರನ್ನೆಲ್ಲ ಆಡಿಸುತ್ತಿದ್ದರು. ಲಿನಕ್ಸಿನಲ್ಲೂ ನಕ್ಷೆ ಬರೆಯುವ ಪ್ರೋಗ್ರಾಂ ಒಂದಿದೆ ಎಂದು ಇವರು ಹಿಂದೆ ಹೇಳಿದ್ದರು, ನಾನು ಸೊಪ್ಪು ಹಾಕಿರಲಿಲ್ಲ.

"ಹೇಗಿದ್ರೂ ಒರೆಸಿಟ್ಟಿದ್ದೀರಲ್ಲ," ಎಂದೆ. "ನನ್ನ ಲ್ಯಾಪ್‌ಟಾಪಿಗೆ ಆ ನಕ್ಷೆ ಪ್ರೋಗ್ರಾಂ ಹಾಕಿಕೊಡಿ. ನೋಡೋಣ."

ಇವರ ಮುಖ ಅರಳಿತು. ಎದ್ದವರೇ ತೋಳು ಮಡಚಿಕೊಂಡು ಮೇಜಿನ ಮುಂದೆ ಹೋಗಿ ನಿಂತರು. ಒಂದೇ ಬಣ್ಣದ, ಒಂದೇ ಅಳತೆಯ, ಫಳಫಳ ಹೊಳೆಯುವ ಆ ರಾಶಿಯನ್ನು ಮೇಲಿನಿಂದ ಕೆಳಗೆ ನೋಡಿದರು, ಕೆಳಗಿನಿಂದ ಮೇಲೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಇದ್ರಲ್ಲಿ ನಿಂದು ಯಾವ್ದು?"