ತಿಳಿಸಾರು ಮತ್ತು ಏಳನೆಯ ರಸ

ಷಡ್ರಸಗಳ ಪಟ್ಟಿ ಮಾಡಿದ ನಮ್ಮ ಪೂರ್ವಿಕರು ಕೊಲೊನೋಸ್ಕೋಪಿ ಮಾಡಿಸಿಕೊಂಡವರಲ್ಲ ಎಂಬುದನ್ನು ನಾನು ಖಚಿತವಾಗಿ ಹೇಳಬಲ್ಲೆ. ಮಾಡಿಸಿಕೊಂಡಿದ್ದರೆ ಸಿಹಿ, ಹುಳಿ, ಉಪ್ಪು, ಕಹಿ, ಖಾರ, ಒಗರುಗಳ ಪಕ್ಕದಲ್ಲಿ ಏಳನೆಯದೊಂದನ್ನು ಸೇರಿಸಹೊರಟು, ಹೆಸರು ಸಿಗದೆ ಮುಖ ಕಿವುಚಿ ಸುಮ್ಮನಾಗುತ್ತಿದ್ದರು. ಕರುಳು ತೊಳೆಯಲೆಂದು ಪರೀಕ್ಷೆಯ ಹಿಂದಿನ ದಿನ ಕುಡಿಯಬೇಕಾದ ಆ ಎರಡು ಲೀಟರು ಪೇಯ ಮೊದಲ ಲೋಟದಲ್ಲಿ ನಿಂಬೆಯ ಪೆಪ್ಪರಮೆಂಟು, ಎರಡನೆಯದರಲ್ಲಿ ಸಮುದ್ರದ ನೀರು, ಮೂರನೆಯದರಲ್ಲಿ ಯಾರೋ ಪಾತ್ರೆ ತೊಳೆದು ಚೆಲ್ಲಲು ಮರೆತ ಸೋಪಿನ ನೀರು. ನಾಲ್ಕನೆಯ ಲೋಟವನ್ನು ಸವಿಯುವಷ್ಟು ಹೊತ್ತು, ನೀವೂ ಕುಡಿದಿದ್ದರೆ ಬಲ್ಲಿರಿ, ಮನುಷ್ಯ ಕುರ್ಚಿಯಲ್ಲಿ ಇರುವುದಿಲ್ಲ.

ಭದ್ರಾವತಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನನಗೆ ಇದನ್ನು ಎರಡು ಸಲ ಕುಡಿಯುವ ಯೋಗ ಒದಗಿದ್ದು ನನ್ನ ಪಾಂಡಿತ್ಯದಿಂದಲೇ. ಎರಡು ಸಾವಿರದ ಇಸವಿಯ ಆಸುಪಾಸು, ಮಲದಲ್ಲಿ ರಕ್ತ ಕಾಣಿಸಿತ್ತು. ನನ್ನ ಅಣ್ಣ ತೀರಿಕೊಂಡದ್ದು ಕರುಳಿನ ಕ್ಯಾನ್ಸರಿನಿಂದ. ನನಗೂ ಅದೇ ಇರಬಹುದೆಂಬ ಭಯವನ್ನು ಒಬ್ಬರಿಗೊಬ್ಬರು ತೋರಗೊಡದೆ ನಾನೂ ಹೆಂಡತಿ ಶಾರದೆಯೂ ಶಿವಮೊಗ್ಗದ ಡಾಕ್ಟರ ಬಳಿ ಹೋದೆವು.

"ಹಿಂದಿನ ದಿನ ಪುಡಿ ಕಲಸಿ ಕುಡೀರಿ. ಜೊತೆಗೆ ಬರೀ ತಿಳಿ ತಗೊಳ್ಳಿ, ಬೇರೇನೂ ಬೇಡ" ಎಂದರು ಡಾಕ್ಟರು.

ತಿಳಿ ಎಂದರೆ ತಿಳಿಸಾರಲ್ಲದೆ ಮತ್ತೇನು ಎಂದು ಮನೆಗೆ ಬಂದು ವೈಯಾಕರಣಿಯ ಗತ್ತಿನಲ್ಲಿ ತೀರ್ಪು ಕೊಟ್ಟೆ. ಟೊಮೆಟೊ ಹಿಂಡಿ, ಕೊತ್ತಂಬರಿ ಉದುರಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಶಾರದೆ ಮಾಡಿದ ಆ ಸಾರನ್ನು, ಪೇಯ ಕುಡಿದ ಪಾಪಕ್ಕೆ ಪ್ರಾಯಶ್ಚಿತ್ತವೆಂಬಂತೆ, ದಿನವಿಡೀ ಹೀರಿದೆ.

ಮರುದಿನ ಡಾಕ್ಟರು ಪರದೆಯನ್ನೇ ನೋಡುತ್ತ, "ಒಳಗೆಲ್ಲ ಸಾಸಿವೆ ಮೇಷ್ಟ್ರೇ. ಏನೂ ಕಾಣ್ತಿಲ್ಲ. ಒಂದು ವಾರ ಬಿಟ್ಟು ಬನ್ನಿ" ಎಂದರು. ಸಾಸಿವೆಯಷ್ಟು ಸುಖಕ್ಕೆ ಸಾಗರದಷ್ಟು ದುಃಖ ಎಂಬ ಗಾದೆಯನ್ನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದೆ. ನನಗೆ ಅರ್ಥವಾದದ್ದು ಅಂದು. ತಿಳಿಯಬೇಕಾದದ್ದು ತಿಳಿಯದೆ ಉಳಿದ ಆ ವಾರದಲ್ಲಿ ಅಣ್ಣ ದಿನವೂ ನೆನಪಾದ.

ಎರಡನೆಯ ಸಲ ಶಾರದೆ ನನ್ನ ವ್ಯಾಖ್ಯಾನ ಕೇಳಲಿಲ್ಲ. ಎಳನೀರಿರಲಿ, ನೀರಿರಲಿ, ಗಾಜಿನ ಲೋಟದ ಹಿಂದೆ ದಿನಪತ್ರಿಕೆ ಹಿಡಿದು, ಅಕ್ಷರ ಓದಲು ಬಂದರೆ ಮಾತ್ರ ಕೊಟ್ಟಳು. ನಡುನಡುವೆ ಪಕ್ಕದ ಮನೆಗೆ ಓಡಿಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬಾಡಿದ ಮುಖದಲ್ಲಿ ಬರುತ್ತಿದ್ದಳು. ನನಗೆ ಕಾಣದಂತೆ ಅತ್ತು ಬರುತ್ತಿದ್ದಾಳೆಂದು ಕರುಳು ಚುರ್ ಎಂದಿತು, ಅಂದು ಅದಕ್ಕಿದ್ದ ಬೇರೆ ಕೆಲಸಗಳ ನಡುವೆಯೂ.

ಈ ಸಲ ಎಲ್ಲವೂ ಕಂಡಿತು. ಗೆಡ್ಡೆ ಇಲ್ಲ, ಬರೀ ಮೂಲವ್ಯಾಧಿ. ಭದ್ರಾವತಿಯ ಬಸ್ಸಿನಲ್ಲಿ ಕೂತ ಮೇಲೆ, ಪಕ್ಕದ ಮನೆಗೆ ಹೋಗಿ ಎಷ್ಟು ಅತ್ತೆ ಎಂದು ಮೆಲ್ಲಗೆ ಕೇಳಿದೆ.

"ಅಳೋಕೆ ಪುರಸೊತ್ತೆಲ್ಲಿತ್ತು ಮಾರಾಯ್ರೇ" ಎಂದಳು. "ನೀವೊಬ್ರೇ ಯಾಕೆ ಕುಡೀಬೇಕು ಅನ್ನಿಸ್ತು. ಹೆಚ್ಚಿಗೆ ತಂದಿದ್ದ ಪಾಕೀಟು ಕಲಸಿ ನಾನೂ ಎರಡು ಲೋಟ ಕುಡಿದೆ. ನಮ್ಮನೇಲಿ ನೀವು ಕಕ್ಕಸಿನ ಬಾಗಿಲೇ ತೆಗೀತಿರ್ಲಿಲ್ಲ."

ಮಲವಗೊಪ್ಪ ಬರುವವರೆಗೂ ಇಬ್ಬರೂ ನಕ್ಕೆವು. ಆಮೇಲೆ ಅವಳು ನನ್ನ ತೋಳು ಹಿಡಿದುಕೊಂಡು ನಿಜವಾಗಿಯೇ ಅತ್ತಳು.