ಇಡೀ ಕುಂಬಳಕಾಯಿ ಒಡೆದ ಕೈ

ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಇದನ್ನು ಬರೆದು ಮೊಮ್ಮಗಳ ಕೈಗೆ ಕೊಟ್ಟಿದ್ದೇನೆ. ಅಕ್ಷರ ತಿದ್ದು, ಮಾತು ತಿದ್ದಬೇಡ ಎಂದು ಹೇಳಿದ್ದೇನೆ. ಕೇಬಲ್ಲಿನಲ್ಲಿ ಬಂದ ಆ ಖೂನಿ ಸಿನಿಮಾದಲ್ಲಿ ಕೊಲೆ ಮಾಡುವ ಕೈ ನನ್ನದೆಂದು ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಈಗಲೂ ಹೇಳುತ್ತಾರೆ. ಹೌದು, ನನ್ನದೇ. ಆದರೆ ಜನರ ಬಾಯಲ್ಲಿ ಆ ಕಥೆಗೆ ಬಾಲ ಬೆಳೆದಿದೆ. ನಡೆದದ್ದು ಇಷ್ಟು.

ಗಂಡ ಸತ್ತಾಗ ನನಗೆ ಇಬ್ಬರು ಹೆಣ್ಣುಮಕ್ಕಳು. ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಟ್ಟು ಅವರನ್ನು ಸಾಕಿದೆ. ಬೆಳಗಿನ ರೊಟ್ಟಿ ಮುಗಿಸಿ, ಬುಟ್ಟಿ ಮುಟ್ಟಿಸಿ ಬಂದ ಮೇಲೆ ಕೆಲವು ದಿನ ಮಧ್ಯಾಹ್ನ ಖಾಲಿ ಇರುತ್ತಿತ್ತು. ಆಗ ಟಾಕೀಸಿಗೆ ಹೋಗುತ್ತಿದ್ದೆ, ಒಬ್ಬಳೇ. ತೊಂಬತ್ತರ ದಶಕದಲ್ಲಿ ಮಧ್ಯಾಹ್ನದ ಆಟಕ್ಕೆ ಹಳೆಯ ದೆವ್ವದ ಸಿನಿಮಾ, ಖೂನಿ ಸಿನಿಮಾ ಮತ್ತೆ ಮತ್ತೆ ಹಾಕುತ್ತಿದ್ದರು. ರೀಲಿನ ಮೇಲೆ ಗೆರೆ ಸುರಿಯುತ್ತಿತ್ತು, ಒಮ್ಮೊಮ್ಮೆ ಹರಿದು ಪರದೆ ಬೆಳ್ಳಗಾಗುತ್ತಿತ್ತು, ಜನ ಸೀಟಿ ಹೊಡೆಯುತ್ತಿದ್ದರು. ಅಂಥವನ್ನು ಹೆಂಗಸರು ನೋಡಬಾರದು ಎಂದು ಓಣಿಯವರು ಅಂದರು. ಅಳುವ ಸಿನಿಮಾ ಮಾತ್ರ ನೋಡಬೇಕಂತೆ. ಮೂರು ತಾಸು ಒಬ್ಬಳು ಅಳುವುದನ್ನು ನೋಡಲು ನಾನೇಕೆ ಟಿಕೆಟ್ ತೆಗೆಸಲಿ? ದೆವ್ವದ ಸಿನಿಮಾದಲ್ಲಿ ಹೆಣ್ಣು ಸತ್ತ ಮೇಲಾದರೂ ಎದ್ದು ಬಂದು, ನನಗೆ ಹೀಗೆ ಮಾಡಿದವನು ಇವನೇ ಎಂದು ಬೆರಳು ತೋರಿಸುತ್ತಿದ್ದಳು. ನನಗೆ ಅದು ಸೇರುತ್ತಿತ್ತು.

ಇನ್ನೊಂದು ವಿಷಯ ಮೊದಲೇ ಹೇಳಬೇಕು. ನಮ್ಮಲ್ಲಿ ಇಡೀ ಕುಂಬಳಕಾಯಿಯನ್ನು ಹೆಣ್ಣುಮಕ್ಕಳು ಒಡೆಯುವಂತಿಲ್ಲ. ಅದು ಬಲಿಯ ಬದಲಿಗೆ ಒಡೆಯುವ ಕಾಯಿ, ಅದಕ್ಕೆ ಜೀವ ಇದ್ದ ಹಾಗೆ ಎನ್ನುತ್ತಾರೆ. ಗಂಡಸು ಮೊದಲ ಪೆಟ್ಟು ಹಾಕಬೇಕು, ಆಮೇಲೆ ನಾವು ಹೆಚ್ಚಿಕೊಳ್ಳಬೇಕು. ಗಂಡಸಿರುವ ಮನೆಯಲ್ಲಿ ಇದು ಒಂದು ಚಣದ ಕೆಲಸ. ನನ್ನ ಮನೆಯಲ್ಲಿ ಗಂಡಸಿರಲಿಲ್ಲ. ಪಲ್ಯ ಮಾಡಬೇಕೆಂದರೆ ಕುಂಬಳಕಾಯಿ ಬಗಲಲ್ಲಿ ಹೊತ್ತು ಓಣಿ ದಾಟಿ ಮೈದುನನ ಮನೆಗೆ ಹೋಗಬೇಕು. ಅವನು ಪೇಪರ್ ಓದುತ್ತ ಕೂತಿರುತ್ತಿದ್ದ.

"ಬಂದೆ ಅತ್ತಿಗೀ, ಇದೊಂದ್ ಸುದ್ದಿ ಓದಿ ಬಂದೆ" ಎನ್ನುತ್ತಿದ್ದ. ಒಂದು ಸುದ್ದಿ ಮುಗಿದು ಇನ್ನೊಂದು, ಆಮೇಲೆ ಚಹಾ, ಆಮೇಲೆ ಎಲೆ ಅಡಿಕೆ. ನಾನು ಹೊಸ್ತಿಲ ಹೊರಗೆ ಕಾಯಿ ಹೊತ್ತು ನಿಂತೇ ಇರುತ್ತಿದ್ದೆ. ಕಡೆಗೆ ಎದ್ದು ಬಂದು ಒಂದು ಪೆಟ್ಟು ಹಾಕುತ್ತಿದ್ದ. "ಗಂಡಸ್ರ ಇಲ್ಲಾಂದ್ರ ನಿಮ್ಮ ಒಲಿ ಹತ್ತೂದಿಲ್ಲ ನೋಡ್ರಿ" ಎಂದು ನಗುತ್ತಿದ್ದ. ಹೀಗೆ ಹದಿನಾರು ವರ್ಷ ನಿಂತೆ. ಕುಂಬಳಕಾಯಿ ಪಲ್ಯ ನನಗೆ ಬಹಳ ಇಷ್ಟ, ಅದೇ ತೊಂದರೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಹಿರಿಯ ಮಗಳ ಮದುವೆಯಾಗಿತ್ತು, ಕಿರಿಯವಳು ನನ್ನ ಜೊತೆ ರೊಟ್ಟಿ ಬಡಿಯುತ್ತಿದ್ದಳು. ಆ ಹೊತ್ತಿಗೆ ನಮಗೆ ದೊಡ್ಡ ಆಧಾರವೆಂದರೆ ಒಂದು ಹೆಣ್ಣುಮಕ್ಕಳ ಹಾಸ್ಟೆಲ್. ದಿನಾ ಎರಡು ದೊಡ್ಡ ಬುಟ್ಟಿ ರೊಟ್ಟಿ ಅಲ್ಲಿಗೆ ಹೋಗುತ್ತಿತ್ತು. ಉಳಿದ ಮನೆಗಳದು ಉಪ್ಪು ಮೆಣಸಿನಕಾಯಿಗೆ ಆದರೆ, ಹಾಸ್ಟೆಲಿನದು ಹೊಟ್ಟೆಗೆ.

ನಮ್ಮ ಓಣಿಯಲ್ಲಿ ಮದುವೆಯ ವಿಡಿಯೋ ತೆಗೆಯುವವನೊಬ್ಬನಿದ್ದ. ಅವನಿಗೂ ನನ್ನ ಹಾಗೆ ಹಳೆಯ ಖೂನಿ ಸಿನಿಮಾದ ಹುಚ್ಚು. ತಾನೂ ಅಂಥದೊಂದು ತೆಗೆಯುತ್ತೇನೆ, ಥೇಟ್ ಹಳೆಯದರಂತೆ ಕಾಣಬೇಕು ಎಂದು ಹೊರಟ. ತಾರಿಹಾಳದಲ್ಲಿ ಬಾಗಿಲು ಹಾಕಿದ ಒಂದು ಕಾರ್ಖಾನೆಯ ಶೆಡ್ಡು ಸಿಕ್ಕಿತು. ಎಂಟು ದಿನ ಅವರಿಗೆ ಮಧ್ಯಾಹ್ನದ ರೊಟ್ಟಿ ನನ್ನದು.

ಮೊದಲ ದಿನ ಹೋದಾಗ ಕಿಟಕಿಗೆಲ್ಲ ನೀಲಿ ಹಾಳೆ ಅಂಟಿಸಿದ್ದರು. ಅದು ರಾತ್ರಿಯಂತೆ. ಹೊರಗೆ ಬಿಸಿಲು ಕುದಿಯುತ್ತಿತ್ತು. ಗೋಣಿಚೀಲಕ್ಕೆ ಎರಡು ತೂತು ಮಾಡಿ ಮುಖಕ್ಕೆ ಹಾಕಿಕೊಂಡ ಎತ್ತರದ ಹುಡುಗ ಖೂನಿಗಾರ. ಅವನು ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವನು. ಸಾಯುವವಳು ನಾಟಕ ಕಂಪನಿಯ ಹುಡುಗಿ, ಗಟ್ಟಿ ದನಿಯವಳು. ರಕ್ತ ಎಂದು ಮಾಡಿಟ್ಟಿದ್ದನ್ನು ನೋಡಿ ನನಗೆ ನಗು ಬಂತು. ಗುಲಾಬಿ ಶರಬತ್ತಿನ ಹಾಗಿತ್ತು.

"ಇದನ್ನ ಮೈಗೆ ಹಚ್ಚಿದ್ರ ಕೊಂದಾರೋ ಮದುವಿ ಮಾಡ್ಯಾರೋ ತಿಳಿಯೂದಿಲ್ಲ" ಎಂದೆ. ಬೆಲ್ಲ ತರಿಸಿ, ಕರ‍್ರಗೆ ಹೊತ್ತಿಸಿ ಪಾಕ ಮಾಡಿ ಅವರ ಕೆಂಪು ಬಣ್ಣಕ್ಕೆ ಬೆರೆಸಿಕೊಟ್ಟೆ. ಅದು ರಕ್ತವಾಯಿತು. ಇರುವೆಗಳೂ ಬಂದವು, ಆ ತಪ್ಪು ನನ್ನದೇ.

ಚೂರಿ ಇಳಿಯುವುದನ್ನು ಹತ್ತಿರದಿಂದ ತೆಗೆಯಬೇಕಿತ್ತು. ಹುಡುಗಿಯ ಪಕ್ಕದಲ್ಲಿ ಅವಳದೇ ಲಂಗದ ಬಟ್ಟೆ ಸುತ್ತಿದ ಕುಂಬಳಕಾಯಿ ಇಟ್ಟರು. ಕ್ಯಾಮೆರಾಕ್ಕೆ ಅದೇ ಅವಳ ಮೈ. ಸೀರೆ ಅಂಗಡಿಯ ಹುಡುಗ ಚೂರಿ ಎತ್ತಿ ಹೊಡೆದ. ಚೂರಿ ಜಾರಿತು. ಇನ್ನೊಮ್ಮೆ ಹೊಡೆದ, ಉಗುರು ತಾಗಿದಂಥ ಗೀರು ಬಿತ್ತು, ಅಷ್ಟೇ.

"ತಮ್ಮಾ, ಅದು ಕುಂಬಳಕಾಯಿ, ಜರಿ ಸೀರಿ ಅಲ್ಲ. ಜೋರ್ ಹಾಕು" ಎಂದೆ.

"ಹಾಕಾಕತ್ತೇನ್ರಿ ಅವ್ವಾರ, ಚೂರಿ ಇಳೀವಲ್ದು."

ಕೆಳಗೆ ಬಿದ್ದುಕೊಂಡಿದ್ದ ಹುಡುಗಿ ಕಣ್ಣು ಮುಚ್ಚಿಕೊಂಡೇ ಕೂಗಿದಳು. "ಲಗೂ ಕೊಲ್ರಿಪಾ! ಇರಬಿ ಏರಾಕತ್ತಾವು ಮೈಮ್ಯಾಗ!"

ವಿಡಿಯೋದವನು ನನ್ನ ಕಡೆ ತಿರುಗಿದ. "ಅವ್ವಾರ, ಹೆಂಗ ಹೊಡೀಬೇಕು ಒಂದ್ ಸಲ ನೀವ ತೋರಸ್ರಿ."

ಚೂರಿ ತೆಗೆದುಕೊಂಡೆ. ಹದಿನಾರು ವರ್ಷ ಮೈದುನನ ಹೊಸ್ತಿಲ ಹೊರಗೆ ನಿಂತದ್ದು ನೆನಪಿಗೆ ಬಂತು. ಎತ್ತಿ ಒಂದೇ ಪೆಟ್ಟು. ಕುಂಬಳಕಾಯಿ ಕಟಕ್ಕನೆ ಎರಡಾಯಿತು, ಬೀಜ ನನ್ನ ಸೆರಗಿಗೆ ಸಿಡಿಯಿತು. ಆ ಹುಡುಗ ಗೋಣಿಚೀಲ ತೆಗೆದು ನನ್ನನ್ನು ನೋಡಿದ.

"ಅವ್ವಾರ, ಅದು ಇಡೀದಿತ್ರಿ."

"ಇತ್ತು. ಈಗಿಲ್ಲ."

ಶೆಡ್ಡಿನ ತಗಡು ಬೀಳಲಿಲ್ಲ. ನನ್ನ ಕೈಗೂ ಏನೂ ಆಗಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತಂತೆ. ನೋಡಿದ ವಿಡಿಯೋದವನು ಕುಣಿದುಬಿಟ್ಟ. ಅವತ್ತಿನಿಂದ ಖೂನಿಗಾರನ ಎತ್ತರ ಹುಡುಗನದು, ಕೈ ನನ್ನದು. ಇನ್ನೂ ನಾಲ್ಕು ಕುಂಬಳಕಾಯಿ ಒಡೆದೆ. ಒಡೆದದ್ದನ್ನೆಲ್ಲ ಮರುದಿನ ಪಲ್ಯ ಮಾಡಿ ಅವರಿಗೇ ಬಡಿಸಿದೆ.

ನನ್ನ ಬಲಗೈ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು ಹಚ್ಚೆಯಿದೆ. ಸಣ್ಣವಳಿದ್ದಾಗ ಅಜ್ಜಿ ಹಿಡಿದು ಕೂರಿಸಿ ಹಾಕಿಸಿದ್ದು. ಸತ್ತಾಗ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯನ್ನು ಯಾರೂ ಬಿಚ್ಚಿಕೊಳ್ಳಲಾರರು ಎಂದು ಅವಳು ಹೇಳಿದ್ದಳು. ಶೂಟಿಂಗಿನಲ್ಲಿ ಅದು ಕಾಣದಿರಲೆಂದು ಪೌಡರ್ ಬಡಿದಿದ್ದರು. ಬೆಲ್ಲದ ರಕ್ತ ಹರಿದಾಗ ಪೌಡರ್ ತೊಳೆದುಹೋಗಿ ಹಚ್ಚೆ ಎದ್ದು ಕಂಡಿತು. ಒಂದು ಕಡೆ ಕುಂಬಳಬೀಜವೂ ಕಂಡಿತು. ವಿಡಿಯೋದವನಿಗೆ ಅದು ಗೊತ್ತಿತ್ತು, ಆದರೂ ಕತ್ತರಿಸಿ ತೆಗೆಯಲಿಲ್ಲ.

"ಹಳೇ ಪಿಚ್ಚರದಾಗ ಇಂಥಾ ತಪ್ಪ ಇರ್ತಿದ್ವಲ್ರಿ. ಇರ್ಲಿ ಬಿಡ್ರಿ, ಖರೇ ಹಳೇದರಂಗ ಕಾಣ್ತೈತಿ" ಎಂದ. ಕಂಪ್ಯೂಟರಿನಲ್ಲಿ ಕೂತು ಹೊಸ ಚಿತ್ರದ ಮೇಲೆ ಹಳೆಯ ಗೆರೆಯನ್ನೂ ಸುರಿಸಿದ. ಟಾಕೀಸಿನಲ್ಲಿ ಆ ಗೆರೆಗೆ ನಾವು ಬೈಯುತ್ತಿದ್ದೆವು.

ಒಂದು ರವಿವಾರ ಮಧ್ಯಾಹ್ನ ಊರ ಕೇಬಲ್ಲಿನವರು ಅದನ್ನು ಹಾಕಿದರು. ಓಣಿಯ ಎಲ್ಲ ಮನೆಯಿಂದಲೂ ಆ ಹುಡುಗಿಯ ಕಿರುಚಾಟವೇ ಕೇಳುತ್ತಿತ್ತು. ಎದುರುಮನೆಯಿಂದ ಮೈದುನನ ನಗು ಕೇಳುತ್ತಿತ್ತು. ಒಮ್ಮೆಲೇ ನಿಂತಿತು. ಸಿನಿಮಾ ಮುಗಿಯುವ ಮೊದಲೇ ಅವನು ನಮ್ಮ ಬಾಗಿಲಿಗೆ ಬಂದ.

"ಅತ್ತಿಗೀ, ಆ ಹಚ್ಚಿ..."

"ನಂದ."

"ಕುಂಬಳಕಾಯಿ?"

"ಅದನ್ನೂ ನಾನ ಒಡದೇನಿ."

ಅವನು ಓಣಿ ದಾಟಿ ವಾಪಸ್ ಹೋಗಿ ತನ್ನ ಬಾಗಿಲು ಹಾಕಿಕೊಂಡ. ಕಿರಿಯ ಮಗಳು ಅವತ್ತೆಲ್ಲ ನನಗೆ ಬೆನ್ನು ಹಾಕಿ ಕೂತಳು. ಸಂಜೆ ವಿಡಿಯೋದವನು ಹೆದರಿಕೊಂಡು ಬಂದ. ಹಾಸ್ಟೆಲಿನ ಕಮಿಟಿಗೆ ಹಿರಿಯರಾದ ಬಾಯಾರು ಸಿನಿಮಾ ನೋಡಿದ್ದಾರಂತೆ, ಸಿಟ್ಟಾಗಿದ್ದಾರಂತೆ.

"ಅವ್ವಾರ, ಮೊದಲ ಗೀರು ಆ ಹುಡುಗಂದಲ್ರಿ? ಅವ ಒಡದಾನ, ನೀವು ಬರೇ ಹೆಚ್ಚೀರಿ ಅಂತ ಹೇಳಿಬಿಡೂಣು. ಅವನೂ ಬಂದು ಹೇಳ್ತೀನಿ ಅಂದಾನ."

ಆಗ ಮಗಳು ಬಾಯಿಬಿಟ್ಟಳು. "ಹೇಳಿಬಿಡವಾ. ಹಾಸ್ಟೆಲ್ ಹೋದ್ರ ನಾವು ಏನ್ ತಿನ್ನೂದು? ಒಂದ್ ಮಾತಿಗೆ ನಿಂದೇನ್ ಹೋಗ್ತೈತಿ?"

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ದೀಪ ಆರಿಸಿ ಮಲಗಿದೆ.

ಮರುದಿನ ಬುಟ್ಟಿ ಹೊತ್ತು ಹೋದೆ. ಬಾಯಾರು ಹಾಸ್ಟೆಲಿನ ಅಡಿಗೆಮನೆಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಲಿತವರು, ಹಿಂದೆ ಸಾಲೆಯಲ್ಲಿ ಪಾಠ ಹೇಳಿ ಹೆಡ್‌ಬಾಯಿ ಆಗಿದ್ದವರು. ಅವರ ಹಿಂದೆ ಅಡಿಗೆಯ ಹೆಂಗಸರಿಬ್ಬರು ಕೈ ಕಟ್ಟಿ ಕೂತಿದ್ದರು. ನೆಲದ ಮೇಲೆ ಒಂದು ಕುಂಬಳಕಾಯಿ ಇತ್ತು, ಇಡೀದು.

"ನೋಡವಾ" ಎಂದು ಬಾಯಾರು ಶುರು ಮಾಡಿದರು. "ಖೂನಿ ಮಾಡೂದು ಸುಳ್ಳು, ಅದು ನನಗೂ ತಿಳೀತದ. ಆದ್ರ ಕುಂಬಳಕಾಯಿ ಖರೇದಲ್ಲೇನು? ಹೆಣ್ಣುಮಗಳು, ಅದ್ರಾಗೂ ಗಂಡ ಇಲ್ಲದಾಕಿ, ಇಡೀ ಕಾಯಿ ಒಡದೀದಿ. ಇಲ್ಲಿ ಎಲ್ಲಾರೂ ಕನ್ಯಾ ಇದ್ದಾವು. ನಿನ್ನ ಕೈ ರೊಟ್ಟಿ ಹೆಂಗ ತಿನ್ನಸ್ಲಿ?"

"ಅದ ಕೈರಿ ಬಾಯಾರ. ಮೊನ್ನೆತನಕಾ ತಿಂದಾರಲ್ರಿ."

"ವಾದಾ ಮಾಡಬ್ಯಾಡ. ಆ ಹುಡುಗ ಮೊದಲ ಗೀರು ಹಾಕಿದ್ದಾ ಅಂತ ಕೇಳೇನಿ. ಹೌದು ಅನ್ನು, ಇಲ್ಲೆ ಮುಗಸೋಣು. ನಾಳಿನೂ ನೀನ ರೊಟ್ಟಿ ತಾ."

ನಾನು ಕುಂಬಳಕಾಯಿಯನ್ನು ನೋಡಿದೆ. "ಇದನ್ಯಾಕ ಹಿಂಗ ಇಟ್ಟೀರಿ?" ಎಂದು ಅಡಿಗೆಯವಳನ್ನು ಕೇಳಿದೆ.

"ವಾಚಮನ್ ಬರ್ಲಿ ಅಂತ ಕುಂತೇವ್ರಿ ಯಕ್ಕಾ" ಎಂದಳು. "ಹೋದಾಂವ ಇನ್ನೂ ಬಂದಿಲ್ಲ. ಅನ್ನ ಆಗೈತಿ, ಪಲ್ಯ ಒಲಿಗೆ ಬಿದ್ದಿಲ್ಲ."

ಹೊರಗೆ ಹುಡುಗಿಯರು ತಾಟು ಬಡಿಯುತ್ತಿದ್ದರು. ಅಷ್ಟು ಹೆಣ್ಣುಮಕ್ಕಳು ಕಾಲೇಜು ಕಲಿಯುವ ಕಟ್ಟಡ ಅದು. ಹೆಡ್‌ಬಾಯಿ ಆಗಿದ್ದವರು ಕುರ್ಚಿಯಲ್ಲಿ, ಚೂರಿ ಗೋಡೆಯ ಮೊಳೆಯಲ್ಲಿ. ಎಲ್ಲರೂ ಸೇರಿ ಒಬ್ಬ ವಾಚಮನ್ನನ ದಾರಿ ಕಾಯುತ್ತಿದ್ದರು.

ಗೀರು ಹಾಕಿದ್ದು ಹುಡುಗನೇ, ಅದು ಸುಳ್ಳಲ್ಲ. ಆದರೆ ಹೌದು ಅಂದರೆ ಆ ಪೆಟ್ಟು ಅವನದಾಗುತ್ತಿತ್ತು, ನಾನು ಮತ್ತೆ ಹೊಸ್ತಿಲ ಹೊರಗೆ.

"ಅವನಿಂದ ಆಗ್ಲಿಲ್ರಿ ಬಾಯಾರ. ನಾನ ಒಡದೇನಿ. ಹಿಂಗ" ಎಂದೆ. ಚೂರಿ ಇಳಿಸಿಕೊಂಡು ಕೂತು, ಒಂದೇ ಪೆಟ್ಟಿಗೆ ಒಡೆದೆ.

"ಏ! ಏ! ಏನ್ ಮಾಡಿದಿ!" ಎಂದು ಬಾಯಾರು ಕುರ್ಚಿ ಬಿಟ್ಟೆದ್ದರು. ನಾನು ಎರಡು ಹೋಳನ್ನೂ ಅಡಿಗೆಯವಳ ಮುಂದೆ ಸರಿಸಿದೆ, ಚೂರಿ ಒರೆಸಿ ಮೊಳೆಗೆ ತೂಗುಹಾಕಿದೆ, ರೊಟ್ಟಿ ಅಲ್ಲೇ ಸುರಿದು ಖಾಲಿ ಬುಟ್ಟಿ ತೆಗೆದುಕೊಂಡೆ. ಬಾಗಿಲು ದಾಟುವಾಗ ಹಿಂದೆ ಅಡಿಗೆಯವಳ ದನಿ ಕೇಳಿತು. "ಹೆಂಗೂ ಒಡದೈತ್ರಿ ಬಾಯಾರ, ಹೆಚ್ಚಲೇನ್ರಿ?" ಬಾಯಾರು ಏನಂದರೋ ಕೇಳಲಿಲ್ಲ.

ಹಾಸ್ಟೆಲ್ ಹೋಯಿತು, ಮತ್ತೆ ಸಿಗಲಿಲ್ಲ. ಓಣಿಯಲ್ಲಿ ಮೂರು ಮನೆಯವರೂ ನನ್ನ ರೊಟ್ಟಿ ಬಿಟ್ಟರು. ಹುಡುಗಿಯರು ನನಗಾಗಿ ಜಗಳವಾಡಿದರೆಂದು ಓಣಿಯಲ್ಲಿ ಹೇಳುವುದು ಸುಳ್ಳು. ಬೇರೆಯವರ ರೊಟ್ಟಿ ಬಂತು, ತಿಂದರು. ಹಸಿದವರು ತಿನ್ನಬೇಕು. ಮಗಳು ಒಂದು ತಿಂಗಳು ಮುಖ ಗಂಟು ಹಾಕಿಕೊಂಡಿದ್ದಳು. ಆ ತಿಂಗಳು ನಾವು ಎರಡು ಹೊತ್ತು ಗಂಜಿ ಕುಡಿದದ್ದೂ ಉಂಟು. ಆಮೇಲೆ ನಾನು ಅಮರಗೋಳದ ಮಾರ್ಕೆಟ್ ಯಾರ್ಡಿಗೆ ಬುಟ್ಟಿ ಹೊತ್ತೆ. ಚೀಲ ಹೊರುವ ಹಮಾಲರಿಗೆ ಕುಂಬಳಕಾಯಿ ಯಾರು ಒಡೆದರು ಎಂಬ ಚಿಂತೆ ಇರಲಿಲ್ಲ. ಕೇಬಲ್ಲು ಅವರೂ ನೋಡಿದ್ದರು.

"ಖೂನಿ ಅವ್ವಾ, ಎರಡ್ ರೊಟ್ಟಿ ಕೊಡ. ಕೊಲ್ಲಬ್ಯಾಡ ಮತ್ತ!"

"ರೊಟ್ಟಿ ತಿಂದು ಮೊದಲ ಗಟ್ಟಿಯಾಗಲೇ, ಆಮ್ಯಾಲ ಕೊಲ್ತೇನಿ" ಎನ್ನುತ್ತಿದ್ದೆ.

ಎರಡು ವರ್ಷ ಕಳೆದು ಮಗಳೂ ನಕ್ಕಳು. ಈ ಮೊಮ್ಮಗಳು ಅವಳ ಮಗಳೇ. ಮೈದುನನ ಹೊಸ್ತಿಲಿಗೆ ನಾನು ಮತ್ತೆ ಕುಂಬಳಕಾಯಿ ಹೊತ್ತು ಹೋಗಲಿಲ್ಲ. ಅವನು ಒಮ್ಮೆ ತಾನಾಗಿ ಕೇಳಿದ. "ಅತ್ತಿಗೀ, ಭಾಳ ದಿವಸ ಆತು, ಕುಂಬಳಕಾಯಿ ತರೂದ ಬಿಟ್ರೇನು?"

"ವಾರಕ್ಕೊಂದು ತರ್ತೇನಿ. ಪಲ್ಯ ಕಳಸ್ಲೇನು?"

ಬೇಡ ಅನ್ನಲಿಲ್ಲ. ತಿಂದ.

ವಿಡಿಯೋದವನು ಎರಡನೆಯ ಸಿನಿಮಾಕ್ಕೆ ಕರೆಯಲು ಅಮರಗೋಳಕ್ಕೇ ಬಂದ. ಮತ್ತೆ ಅದೇ ಗೋಣಿಚೀಲ, ಅದೇ ನೀಲಿ ಹಾಳೆ, ಕೈ ನನ್ನದೇ ಬೇಕಂತೆ. ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ದನಿ ಇಳಿಸಿ ಹೇಳಿದ.

"ಅವ್ವಾರ, ಈ ಸಲ ನಿಮಗ ತ್ರಾಸ ಇಲ್ಲ. ಹಚ್ಚಿ ಮ್ಯಾಲ ಪ್ಲಾಸ್ಟರ್ ಹಚ್ಚೂಣು. ಕುಂಬಳಕಾಯಿ ಬದಲಿ ಕಲ್ಲಂಗಡಿ ಇಡೂಣು. ಕಲ್ಲಂಗಡಿ ಒಡದ್ರ ಯಾರೂ ಏನೂ ಅನ್ನೂದಿಲ್ಲ."

ನಾನು ಸೆರಗಿನಿಂದ ಬಲಗೈ ಒರೆಸಿ ಅವನ ಮುಂದೆ ಚಾಚಿದೆ. ಹಸಿರು ಹಚ್ಚೆಯ ಮೇಲೆ ಜೋಳದ ಹಿಟ್ಟು ಇನ್ನೂ ಇತ್ತು.

"ಪ್ಲಾಸ್ಟರ್ ಬ್ಯಾಡ. ಕುಂಬಳಕಾಯಿನ ತರ್ಬೇಕು" ಎಂದೆ. "ಇಡೀದು. ಗೀರು ಬಿದ್ದಿದ್ದು ನಡಿಯೂದಿಲ್ಲ."