ಅಪ್ಪ ಕಿವಿಯಲ್ಲಿ ಸಾಕಿದ ಮೀನು

ಮುಳಬಾಗಿಲಿನಲ್ಲಿ ನಮ್ಮ ಅಪ್ಪನದು ಬೋರ್‌ವೆಲ್ ಮೋಟರುಗಳ ರಿವೈಂಡಿಂಗ್ ಅಂಗಡಿ. ಅಪ್ಪ ಎಂದು ಬರೆಯುತ್ತಿದ್ದೇನೆ, ಬಾಯಲ್ಲಿ ಕರೆಯುತ್ತಿದ್ದದ್ದು ನಾಯ್ನಾ ಎಂದೇ. ಸುಟ್ಟ ಮೋಟರಿನ ತಾಮ್ರದ ತಂತಿಯನ್ನೆಲ್ಲ ಕಿತ್ತು ಹೊಸದಾಗಿ ಸುತ್ತುವ ಕೆಲಸ. ತಂತಿಯನ್ನು ಎರಡು ಬೆರಳಿನ ನಡುವೆ ಹಿಡಿದು ಅದರ ದಪ್ಪ ಎಷ್ಟು ಗೇಜು ಎಂದು ಹೇಳುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೋದಾಗ ನಮ್ಮದೇ ಹೊಲದ ಮೋಟರೊಂದು ಅರ್ಧ ಸುತ್ತಿ ನಿಂತಿತ್ತು. ಅಂಗಡಿ ಮುಚ್ಚಿ ಸಾಮಾನನ್ನೆಲ್ಲ ಕೊಟ್ಟುಬಿಟ್ಟರೂ ಅದೊಂದನ್ನು ಮನೆಗೆ ತರಿಸಿ, ಹಳೇ ಪಂಚೆ ಹೊದಿಸಿ, ಮಂಚದ ಕೆಳಗೆ ಇಟ್ಟುಕೊಂಡರು.

"ಕಣ್ಣು ಬಂದ್ಮೇಲೆ ಮಿಕ್ಕಿದ್ದು ಸುತ್ತೀನಿ. ಯಾರೂ ಮುಟ್ಬೇಡಿ," ಅಂದರು.

ಕಣ್ಣು ಬರುವುದಿಲ್ಲ ಎಂದು ಡಾಕ್ಟರು ನನಗೆ ಆಗಲೇ ಹೇಳಿದ್ದರು. ಅದೂ ವರಾಂಡದಲ್ಲಿ, ಅಪ್ಪನನ್ನು ಒಳಗೆ ಕೂರಿಸಿ. ಒಳಗೆ ಹೋಗಿ ನಾನು, "ಪೊರೆ ಇನ್ನೂ ಬಲೀಬೇಕಂತೆ ನಾಯ್ನಾ, ಆಮೇಲೆ ಆಪರೇಷನ್ನು," ಅಂದೆ. ನಮ್ಮ ಕಡೆ ಕಾಯಿಲೆಯವರಿಗೆ ನಿಜ ಹೇಳುವ ಪದ್ಧತಿ ಇಲ್ಲ. ನೋಡಲು ಬಂದ ನೆಂಟರಿಗೂ ಬಾಗಿಲಲ್ಲೇ ಪಾಠ ಹೇಳಿಕೊಟ್ಟು ಒಳಗೆ ಬಿಡುತ್ತೇವೆ. ಎಲ್ಲರೂ ಒಳಗೆ ಬಂದು ಪೊರೆ ಬಲಿಯುವ ಮಾತನ್ನೇ ಆಡಿ, ಕಾಫಿ ಕುಡಿದು ಹೋದರು.

ನಾನು ಕೋಲಾರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಮಕ್ಕಳಿಗೆ ತೋರಿಸೋಣವೆಂದು ಬೆಂಗಳೂರಿನ ಅಕ್ವೇರಿಯಂ ಅಂಗಡಿಯಿಂದ ಒಂದು ಆನೆಸೊಂಡಿಲ ಮೀನು ತಂದಿದ್ದೆ. ಆಫ್ರಿಕದ ಕೆಸರು ಹೊಳೆಗಳ ಮೀನು ಅದು. ಕಪ್ಪಗೆ, ಗೇಣುದ್ದ, ಗದ್ದದ ಮುಂದೆ ಸಣ್ಣ ಸೊಂಡಿಲಿನಂಥದ್ದು. ಕಾಲೇಜಿಗೆ ರಜೆ ಬಂದಾಗ ತೊಟ್ಟಿ ಸಮೇತ ಮನೆಗೆ ಬಂತು. ಮನೆಯ ಇಕ್ಕಟ್ಟಿನಲ್ಲಿ ಇದೊಂದು ಬೇರೆ ಎಂದು ನಾನು ಗೊಣಗುತ್ತಲೇ ಅಪ್ಪನ ಕೋಣೆಯಲ್ಲಿಟ್ಟೆ.

"ಏನಮ್ಮಾ ಅದರ ವಿಶೇಷ?" ಎಂದು ಕೇಳಿದರು.

"ಬಾಲದಿಂದ ಕರೆಂಟು ಬಿಡುತ್ತೆ ನಾಯ್ನಾ. ಶಾಕ್ ಹೊಡೆಯೋವಷ್ಟಲ್ಲ, ಒಂಚೂರು. ಅದು ಮೈ ಸುತ್ತ ಹರಡಿಕೊಂಡಿರುತ್ತೆ. ಕಲ್ಲೋ ಹುಳವೋ ಅಡ್ಡ ಬಂದ್ರೆ ಕರೆಂಟು ಬದಲಾಗುತ್ತೆ, ಅದು ಚರ್ಮಕ್ಕೆ ಗೊತ್ತಾಗುತ್ತೆ. ಕತ್ತಲಲ್ಲೂ ದಾರಿ ಸಿಗುತ್ತೆ. ಬೇರೆ ಮೀನಿನ ಜೊತೆ ಮಾತಾಡೋದೂ ಅದರಲ್ಲೇ."

"ನೋಡೋದೂ ಮಾತಾಡೋದೂ ಎರಡೂ ಒಂದೇ ಲೈನಲ್ಲಾ? ಒಳ್ಳೇ ವೈರಿಂಗು ಕಣಮ್ಮ," ಎಂದು ನಕ್ಕರು. ಕಣ್ಣು ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೇ ದಿನವೇ ಹಳೇ ಟೇಪ್‌ರೆಕಾರ್ಡರಿನ ಆಂಪ್ಲಿಫೈಯರು ಹುಡುಕಿಸಿ, ಕೈ ತಡವಿಯೇ ಎರಡು ತಂತಿ ಜೋಡಿಸಿ, ತುದಿಗಳನ್ನು ನೀರಿಗೆ ಇಳಿಸಿದರು. ಸ್ಪೀಕರಿನಿಂದ ಟಕ್, ಟಕ್, ಟಕ್ಟಕ್ ಎಂದು ಬಂತು. ಅಂದಿನಿಂದ ಅದೇ ಅವರ ರೇಡಿಯೋ. ಬೆಳಿಗ್ಗೆ ಎದ್ದವರೇ ತೊಟ್ಟಿಯ ಗಾಜನ್ನು ಉಗುರಿನಿಂದ ಎರಡು ಸಲ ತಟ್ಟುವರು. ಮೀನು ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಟರ್ರ್ ಎಂದು ಒಂದೇ ಉಸಿರಿಗೆ ಓಡಿಸುವುದು. "ಎದ್ದವ್ನೆ," ಎಂದು ಹೇಳಿಯೇ ಕಾಫಿ ಕುಡಿಯುವರು. ನಮ್ಮ ಬೋರಿನ ಉಪ್ಪುನೀರಿನಲ್ಲಿ ಅದರ ಕರೆಂಟೆಲ್ಲ ಸೋರಿಹೋಗುತ್ತದೆಂದು ಫಿಲ್ಟರ್ ಕ್ಯಾನಿನ ನೀರನ್ನು ಅಳತೆ ಮಾಡಿ ಬೆರೆಸುವುದೂ ಅವರದೇ ಕೆಲಸವಾಯಿತು. ರಜೆ ಮುಗಿದರೂ ಮೀನು ಕಾಲೇಜಿಗೆ ವಾಪಸ್ಸು ಹೋಗಲಿಲ್ಲ.

ಆಮೇಲೆ ಅವರ ಕಾಲಿನಲ್ಲಿ ಹುಣ್ಣಾಗಿ ಆಸ್ಪತ್ರೆಗೆ ಸೇರಿಸಿದೆವು. ಮನೆ, ಕಾಲೇಜು, ಆಸ್ಪತ್ರೆ ಎಂದು ನಾನು ಬಸ್ಸಿನಲ್ಲೇ ಬದುಕುತ್ತಿದ್ದೆ. ತೊಟ್ಟಿಯ ನೀರು ಗಬ್ಬೆದ್ದಿತ್ತೆಂದು ಒಂದು ಬೆಳಿಗ್ಗೆ ಸಿಡುಕಿಕೊಂಡು ಎಲ್ಲ ಚೆಲ್ಲಿ, ಏನೂ ಬೆರೆಸದೆ ಟ್ಯಾಂಕರಿನ ಉಪ್ಪುನೀರನ್ನೇ ಬಕೆಟ್ಟಿನಿಂದ ಸುರಿದು ಓಡಿದೆ. ಹೊತ್ತಿಲ್ಲ ಎನ್ನುವುದೊಂದೇ ತಲೆಯಲ್ಲಿತ್ತು. ಸಂಜೆ ಬಂದಾಗ ಮೀನು ಮಗ್ಗುಲಾಗಿ ತೇಲುತ್ತಿತ್ತು. ಮಕ್ಕಳಿಗೆ ಇದನ್ನೇ ಪಾಠ ಹೇಳುವವಳು ನಾನು. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಆ ಬಕೆಟ್ಟನ್ನು ಒದ್ದೆ, ಆಮೇಲೆ ಕೂತು ಅತ್ತೆ.

ಅಷ್ಟಾದರೂ ಬುದ್ಧಿ ಬರಲಿಲ್ಲ. ಮಾಡಿದ್ದು ನಮಗೆ ಗೊತ್ತಿದ್ದದ್ದನ್ನೇ. ಬೆಂಗಳೂರಿಗೆ ಹೋಗಿ, ಅದೇ ಜಾತಿಯ, ಅಷ್ಟೇ ಉದ್ದದ ಇನ್ನೊಂದನ್ನು ತಂದೆ. ಈ ಸಲ ನೀರು ಸರಿಯಾಗಿ ಬೆರೆಸಿದೆ. ಬಾಯಿ ಬಿಡಬಾರದೆಂದು ಅಮ್ಮನಿಗೂ ಹೇಳಿಕೊಟ್ಟೆ. ಕಣ್ಣಿಲ್ಲದವರಿಗೆ ಏನು ಗೊತ್ತಾಗಬೇಕು ಎಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅಪ್ಪ ಮನೆಗೆ ಬಂದರು. ಮಾರನೇ ಬೆಳಿಗ್ಗೆ ಗಾಜು ತಟ್ಟಿದರು. ಮೀನು ಸುಮ್ಮನಾಯಿತು, ಬಹಳ ಹೊತ್ತು. ಆಮೇಲೆ ಟಕ್, ಟಕ್ ಎಂದು ಬಿಡಿಬಿಡಿಯಾಗಿ ಶುರುಮಾಡಿತು.

"ನೀವು ಇರ್ಲಿಲ್ವಲ್ಲ ನಾಯ್ನಾ, ಮುನಿಸ್ಕೊಂಡೈತೆ," ಅಂದೆ.

ಅವತ್ತು ಅವರು "ಎದ್ದವ್ನೆ" ಎನ್ನದೆಯೇ ಕಾಫಿ ಕುಡಿದರು. ಎರಡನೇ ದಿನ ತಟ್ಟಿದರು, ಮೂರನೇ ದಿನವೂ. ಮೂರನೇ ದಿನ ಕಾಫಿ ಲೋಟವನ್ನು ಪಕ್ಕಕ್ಕಿಟ್ಟು, ಸ್ಪೀಕರಿನ ಕಡೆಗೇ ಮುಖ ಮಾಡಿ ಕೇಳಿದರು.

"ಅದು ಯಾವತ್ತು ಹೋಯ್ತಮ್ಮ?"

ಹೇಳಿದೆ. ಟ್ಯಾಂಕರಿನ ನೀರಿನ ವಿಷಯವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ನನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ, ಅಲ್ವಾ?"

"ಹೂಂ ನಾಯ್ನಾ."

ಸ್ವಲ್ಪ ಹೊತ್ತು ಹೊಸ ಮೀನಿನ ಸದ್ದು ಕೇಳುತ್ತ ಕೂತರು. ಅದು ಅಪ್ಪನನ್ನು ಅರಿಯದ ಮೀನು, ತನ್ನ ಪಾಡಿಗೆ ಗಾಜಿನ ಮೂಲೆ ಮೂಲೆಯನ್ನು ತಡವಿಕೊಂಡು ತಿರುಗುತ್ತಿತ್ತು.

"ಕಣ್ಣಿಂದೂ ಹಂಗೇನಾ?" ಎಂದರು.

ನನ್ನ ಬಾಯಲ್ಲಿ ಪೊರೆ ಎನ್ನುವ ಮಾತು ಸಿದ್ಧವಾಗಿಯೇ ಇತ್ತು. ಎರಡು ವರ್ಷದ ಅಭ್ಯಾಸ. ಅದು ಹೊರಗೆ ಬರಲಿಲ್ಲ, ಬೇರೆ ಮಾತೂ ಬರಲಿಲ್ಲ. ನಾನು ಸುಮ್ಮನಿದ್ದಷ್ಟೂ ಅವರು ಕೇಳಿಸಿಕೊಂಡರು.

ಆಮೇಲೆ ಮಂಚದಿಂದ ಬಾಗಿ, ಕೆಳಗೆ ಕೈ ಹಾಕಿ, ಪಂಚೆ ಸರಿಸಿ, ತಾವು ಸುತ್ತಿದ್ದ ತಂತಿಯನ್ನು ಅದು ನಿಂತ ಜಾಗದವರೆಗೂ ಬೆರಳಿನಲ್ಲಿ ಸವರಿದರು.

"ಇದನ್ನ ಯಾರಿಗಾದ್ರೂ ಕೊಟ್ಬಿಡಮ್ಮ," ಅಂದರು. "ಮಿಕ್ಕಿದ್ದು ಅವರು ಸುತ್ಕೋತಾರೆ."